ಕರಡಿಯನ್ನು ಒಣಹಾಕಿದ ದಿನ

ಹತ್ತಿದ ಜಾಗಕ್ಕೇ ತಂದು ಇಳಿಸುವ ಯಾವ ಬಂಡಿಯನ್ನೂ ಈ ಜನ್ಮದಲ್ಲಿ ನಾನು ಹತ್ತುವುದಿಲ್ಲ! ಹೀಗೆಂದು ಊಟದ ಮೇಜನ್ನು ಗುದ್ದಿ ಶಪಥ ಮಾಡಿದೆ. ಗುದ್ದಿನ ರಭಸಕ್ಕೆ ಲೋಟ ಉರುಳಿ ನೀರೆಲ್ಲ ನನ್ನ ತೊಡೆಯ ಮೇಲೇ ಚೆಲ್ಲಿತು, ಆ ಮಾತು ಬೇರೆ. ಭೀಷಣ ಪ್ರತಿಜ್ಞೆ ಮಾಡುವವರು ತೊಡೆ ಒದ್ದೆಯಾಯಿತೆಂದು ಹಿಂದೆ ಸರಿಯುತ್ತಾರೆಯೇ?

ನಾನು ಲಾಂಡ್ರಿ ಇಟ್ಟಿದ್ದವನು. ಶಾಲೆ ನನ್ನನ್ನು ಬೇಗನೆ ಕೈಬಿಟ್ಟಿತು. ಇಸ್ತ್ರಿ ಮಾಡಿದ ಬಟ್ಟೆ ಸುತ್ತಿಕೊಡುವ ಹಳೆಯ ಪತ್ರಿಕೆಗಳೇ ನನ್ನ ವಿದ್ಯಾಲಯವಾದವು. ಆದ್ದರಿಂದ ಪ್ರಪಂಚದ ಪ್ರತಿಯೊಂದು ಸಂಗತಿಯನ್ನೂ ನಾನು ಅರ್ಧ ಹಾಳೆಯಷ್ಟು ಬಲ್ಲೆ. ಉಳಿದರ್ಧ ಗಿರಾಕಿಯ ಮನೆಗೆ ಹೋಗಿರುತ್ತಿತ್ತು. ಚಿಂತೆಯಿಲ್ಲ, ಅಭಿಪ್ರಾಯ ಇಟ್ಟುಕೊಳ್ಳುವುದಕ್ಕೆ ಅರ್ಧ ಹಾಳೆ ಧಾರಾಳ ಸಾಕು.

ಈ ಥೀಮ್ ಪಾರ್ಕುಗಳ ಬಗ್ಗೆ ನನ್ನ ಅಭಿಪ್ರಾಯ ಯಾರಿಗೂ ಹಿಡಿಸುವುದಿಲ್ಲ. ಆದರೂ ಹೇಳಿಬಿಡುತ್ತೇನೆ. ಅಲ್ಲಿ ಏನು ಮಾಡುತ್ತಾರೆ? ಮೊದಲು ನೀರಿಗೆ ದೂಡಿ ನೆನೆಸುತ್ತಾರೆ. ಆಮೇಲೆ ಗರಗರ ತಿರುಗಿಸುತ್ತಾರೆ. ಆಮೇಲೆ ಎತ್ತಿ ಕುಕ್ಕಿ ಹಿಂಡುತ್ತಾರೆ. ಕೊನೆಗೆ ಎತ್ತರದಲ್ಲಿ ನೇತುಹಾಕಿ ಗಾಳಿಗೆ ಒಣಗಿಸುತ್ತಾರೆ. ಇದನ್ನೆಲ್ಲ ನಾನು ಆಯುಷ್ಯ ಪೂರ್ತಿ ಬಟ್ಟೆಗೆ ಮಾಡಿದ್ದೇನೆ ಸ್ವಾಮೀ! ಪಾಪ, ಬಟ್ಟೆ ಎಂದೂ ಟಿಕೆಟ್ಟು ತೆಗೆದುಕೊಂಡು ಬರಲಿಲ್ಲ. ಇಳಿದ ಮೇಲೆ "ಇನ್ನೊಂದು ಸಲ" ಎಂದು ಕುಣಿಯಲೂ ಇಲ್ಲ.

ಇಷ್ಟೆಲ್ಲ ಮಾತು ಎದ್ದದ್ದು ನಮ್ಮ ಬೀಗರಿಂದ. ಬೀಗರೆಂದರೆ ನನ್ನ ಸೊಸೆಯ ತಂದೆ. ಬಸ್ಸು ಓಡಿಸಿ ನಿವೃತ್ತರಾದವರು. ಉಳಿದವರು ನಿವೃತ್ತರಾದ ಮೇಲೆ ಕೂರುತ್ತಾರೆ. ಈ ಮನುಷ್ಯ ಕೂತೇ ಕೆಲಸ ಮಾಡಿದವರಾದ್ದರಿಂದ ನಿವೃತ್ತರಾದ ಮೇಲೆ ನಿಲ್ಲುತ್ತಲೇ ಇಲ್ಲ! ಇವರೂ ಬೀಗಿತ್ತಿಯೂ ಸೇರಿ ಬೇರೆ ಬೇರೆ ಊರುಗಳ ದೊಡ್ಡ ದೊಡ್ಡ ಥೀಮ್ ಪಾರ್ಕುಗಳನ್ನೆಲ್ಲ ಸುತ್ತಿ ಬರುವ ಪ್ರವಾಸವೊಂದನ್ನು ಹೂಡಿದ್ದರು. ನಾವಿಬ್ಬರೂ ಜೊತೆಗೆ ಹೋಗಬೇಕಂತೆ. ನಮ್ಮ ಮನೆಯವಳು ಆಗಲೇ ಸೂಟ್‌ಕೇಸಿನ ಧೂಳು ಒರೆಸಿದ್ದಳು.

"ಮನೇಲಿ ಕುರ್ಚಿ ಇದೆ. ಕುರ್ಚಿ ಮುಂದೆ ಕಿಟಕಿ ಇದೆ. ಇನ್ನೇನು ಬೇಕು ಮನುಷ್ಯಂಗೆ?" ಎಂದೆ.

"ಕುರ್ಚಿ ನಿಮ್ದು. ಕಿಟಕೀನೂ ನಿಮ್ದೆ. ನನ್ದು ಏನಿದೆ?" ಎಂದಳು. "ಗಿರಾಕಿಗಳ ಪ್ಯಾಂಟು ಜೇಬಲ್ಲಿ ಮರಳು ಸಿಗ್ತಿತ್ತಲ್ಲ, ಅದೇ ನಾನು ನೋಡಿದ ಸಮುದ್ರ. ಊರೆಲ್ಲ ಸುತ್ತಿ ಬಂದವರ ಕೊಳೇನ ಕೌಂಟರಲ್ಲಿ ಕೂತು ಇಸ್ಕೊಂಡಿದ್ದೇ ಆಯ್ತು. ಒಂದ್ಸಲ ನನ್ನ ಬಟ್ಟೇನೂ ಊರು ಸುತ್ತಿ ಕೊಳೆ ಆಗ್ಬಾರ್ದಾ?"

ಓದಿದ ಅರ್ಧ ಹಾಳೆಗಳನ್ನೆಲ್ಲ ಮನಸ್ಸಿನಲ್ಲೇ ತಿರುವಿಹಾಕಿದೆ. ಸೋಲಲಾದೀತೆ? "ಸುಸ್ತಾಗತ್ತೆ ಕಣೇ! ಒಂದು ದಿನಕ್ಕೇ ಹೆಣ ಆಗ್ತೀರಿ ನೀವು" ಎಂದೆ.

ಬೀಗರು ತೊಡೆ ತಟ್ಟಿದರು. "ಹಾಗಾದ್ರೆ ಪಂದ್ಯ! ಇಲ್ಲೇ ಊರಾಚೆ ಒಂದು ಪಾರ್ಕಿದೆ. ಒಂದು ದಿನ ಹೋಗೋಣ. ನಾವು ಎಲ್ಲಾದ್ರಲ್ಲೂ ಕೂರ್ತೀವಿ, ನೀವು ಬೆಂಚಲ್ಲೇ ಕೂತಿರಿ. ಸಂಜೆ ಗೇಟಿನ ಹತ್ರ ಯಾರು ಸುಸ್ತಾಗಿರ್ತಾರೋ ಅವರು ಸೋತ ಹಾಗೆ. ನಾವು ಸೋತ್ರೆ ಪ್ರವಾಸದ ಸುದ್ದೀನೇ ಎತ್ತಲ್ಲ. ನೀವು ಸೋತ್ರೆ ಬಾಯಿ ಮುಚ್ಕೊಂಡು ಬಸ್ಸು ಹತ್ಬೇಕು."

ನನಗೆ ನಗು ಬಂತು. ದಿನವಿಡೀ ಬೆಂಚಿನ ಮೇಲೆ ಕೂತು ಸುಮ್ಮನಿರುವ ಪಂದ್ಯ! ಮೀನಿಗೆ ಈಜುವ ಪಂದ್ಯ ಕಟ್ಟಿದ ಹಾಗಾಯಿತು. ಮನೆಯವಳ ಮುಖವನ್ನೊಮ್ಮೆ ನೋಡಿದೆ. ಅವಳು ಸೂಟ್‌ಕೇಸಿನ ಮೇಲೆ ಕೈಯಿಟ್ಟುಕೊಂಡೇ "ಒಪ್ದೆ" ಎಂದಳು.

ಮಗ, ಸೊಸೆ ನಮಗೆ ಟಿಕೆಟ್ಟು ತೆಗೆಸಿಕೊಟ್ಟು ತಾವು ಜಾಣರ ಹಾಗೆ ಮನೆಯಲ್ಲೇ ಉಳಿದರು.

ಪಾರ್ಕಿನ ಬಾಗಿಲಲ್ಲೇ ಸಿಮೆಂಟಿನ ಬೆಟ್ಟ. ಅದಕ್ಕೆ ಕಲ್ಲಿನ ಬಣ್ಣ ಬಳಿದಿದ್ದರು. ಹೊರಗಡೆ ನಿಜವಾದ ಕಲ್ಲನ್ನು ಒಡೆದು ಸಿಮೆಂಟು ಮಾಡುತ್ತಾರೆ, ಒಳಗಡೆ ಸಿಮೆಂಟಿನಿಂದ ಕಲ್ಲು ಮಾಡುತ್ತಾರೆ. ನಿಟ್ಟುಸಿರು ಬಿಟ್ಟೆ. ಮುಂದೆ ಕರಡಿ ವೇಷದವನೊಬ್ಬ ಓಡಿ ಬಂದು ನನ್ನನ್ನು ತಬ್ಬಿಕೊಂಡ. ಆ ತುಪ್ಪಳ ನೀರು ಕಂಡು ಎಷ್ಟು ಕಾಲವಾಗಿತ್ತೋ! ಒಳಗಿನವನ ಬೆವರಿನ ಇತಿಹಾಸವೆಲ್ಲ ನನ್ನ ಮೂಗಿಗೆ ಒಂದೇ ಉಸಿರಿನಲ್ಲಿ ತಿಳಿಯಿತು.

"ಒಗೆಯೋದಿಲ್ವೇನಪ್ಪಾ ಇದನ್ನ?" ಎಂದೆ.

"ಕರಡಿ ಮಾತಾಡ್ಬಾರ್ದು ತಾತ, ರೂಲ್ಸು" ಎಂದು ತುಪ್ಪಳದೊಳಗಿಂದ ಪಿಸುಗುಟ್ಟಿ ಅದು ಹೋಯಿತು.

ಕಾರಂಜಿಯ ಎದುರಿಗೆ, ನೆರಳಿನಲ್ಲಿ, ಬೆನ್ನೊರಗಿಸಲು ಹಲಗೆಯಿದ್ದ ಒಳ್ಳೆಯ ಬೆಂಚು ಸಿಕ್ಕಿತು. ಮೂವರೂ ತಮ್ಮ ಬ್ಯಾಗು, ಚಪ್ಪಲಿ, ಟೋಪಿ, ಕನ್ನಡಕಗಳನ್ನು ನನ್ನ ಪಕ್ಕದಲ್ಲಿ ಪೇರಿಸಿ ದೋಣಿಯ ರೈಡಿನ ಕಡೆ ಓಡಿದರು. ನಾನು ಕಾಲು ಚಾಚಿದೆ. ಗೆಲುವು ಎಂಬುದು ಇಷ್ಟು ಮೆತ್ತಗಿರುತ್ತದೆಂದು ತಿಳಿದಿರಲಿಲ್ಲ.

ಎದುರಿಗಿನ ಕ್ಯೂ ನೋಡುತ್ತ ಕೂತೆ. ಜನ ಗಂಟೆಗಟ್ಟಲೆ ನಿಂತು ಎರಡು ನಿಮಿಷ ಕಿರುಚಿ ಬರುತ್ತಾರೆ. ನನ್ನ ಪ್ರಕಾರ ಆ ಪಾರ್ಕಿನಲ್ಲಿ ಇರುವುದು ಒಂದೇ ರೈಡು, ಅದು ಕ್ಯೂ. ಮಿಕ್ಕಿದ್ದೆಲ್ಲ ಕ್ಯೂ ಮುಗಿಯಿತೆಂಬುದಕ್ಕೆ ಬಾರಿಸುವ ಗಂಟೆ. ಈ ಮಾತನ್ನು ಯಾರಿಗಾದರೂ ಹೇಳಬೇಕೆನಿಸಿತು. ಅಷ್ಟರಲ್ಲಿ ಅವಳಿಮಕ್ಕಳನ್ನು ಎರಡೂ ಕೈಯಲ್ಲಿ ಹಿಡಿದ ತಾಯಿಯೊಬ್ಬಳು ಬಂದಳು.

"ತಾತ, ಸಾಮಾನಿಡೋ ಲಾಕರ್ ರೂಮಿಗೆ ಬೀಗ ಜಡಿದುಬಿಟ್ಟಿದ್ದಾರೆ. ನೀವು ಇಲ್ಲೇ ಇರ್ತೀರಲ್ವಾ? ಬ್ಯಾಗ್ ಸ್ವಲ್ಪ ನೋಡ್ಕೊಳ್ತೀರಾ?"

"ಇಡಮ್ಮ. ನಾನು ಸಂಜೆವರೆಗೂ ಅಲುಗಾಡೋನಲ್ಲ" ಎಂದೆ, ಜಂಬದಿಂದ.

ಅದನ್ನು ಹಿಂದಿದ್ದವರು ಕೇಳಿಸಿಕೊಂಡರು. ನವದಂಪತಿಗಳು ಇಟ್ಟರು. ದಪ್ಪ ಮೀಸೆಯವರೊಬ್ಬರು ಇಟ್ಟರು. ಆಮೇಲೆ ಯಾವುದೋ ಆಫೀಸಿನ ತಂಡವೇ ಬಂತು. ದೊಡ್ಡ ಸಾಹೇಬರಿಂದ ಹಿಡಿದು ಜವಾನನವರೆಗೆ ಎಲ್ಲರಿಗೂ ಒಂದೇ ಥರದ ಹಳದಿ ಅಂಗಿ. ನೀರಿನಾಟದ ಚಡ್ಡಿಗಳಲ್ಲಿದ್ದ ಅವರು ಬಿಚ್ಚಿದ ಬಟ್ಟೆಗಳನ್ನು ಗಂಟು ಕಟ್ಟಿ ನನ್ನ ಮುಂದೆ ಒಗೆದು ನೀರಿಗೆ ಹಾರಿದರು. ನೋಡನೋಡುತ್ತಿದ್ದಂತೆ ನಾನು ಬಟ್ಟೆಯ ಬೆಟ್ಟದ ತುದಿಯಲ್ಲಿ ಕೂತ ಋಷಿಯಂತಾದೆ.

ಅಷ್ಟಾದರೂ ಕೆಡುತ್ತಿರಲಿಲ್ಲ. ಕೆಡಿಸಿದ್ದು ಬೀಗಿತ್ತಿಯ ಶಾಲು!

ನಮ್ಮ ಮೂವರು ದೋಣಿಯಿಂದ ತೊಪ್ಪೆಯಾಗಿ ಬಂದರು. ಬೀಗಿತ್ತಿ ತಮ್ಮ ಹೊಸ ಕೆಂಪು ಶಾಲನ್ನು ಹಿಂಡದೆ ಹಾಗೇ ಬ್ಯಾಗಿಗೆ ತುರುಕಿ, ಅದನ್ನು ಬೆಟ್ಟದ ಶಿಖರದ ಮೇಲಿಟ್ಟು, "ಮುಂದಿನದು ಉರುಳೋ ರೈಲು!" ಎಂದು ಕೂಗುತ್ತ ಉಳಿದಿಬ್ಬರನ್ನು ಎಳೆದುಕೊಂಡು ಹೋದರು. ನಾನು ಕಣ್ಣು ಮುಚ್ಚಿದೆ. ಟಪ್... ಟಪ್... ಎಂದಿತು. ಕಣ್ಣು ತೆರೆದೆ. ಯಾರದೋ ಬಿಳಿ ಅಂಗಿಯ ಮೇಲೆ ಕೆಂಪು ಬೊಟ್ಟು!

ಶಾಲು ಬಣ್ಣ ಬಿಡುತ್ತಿತ್ತು!

ಲಾಂಡ್ರಿಯವನ ಎದುರಿಗೆ ಕೆಂಪು ಬಣ್ಣ ಬಿಳಿಗೆ ಹತ್ತುವುದೆಂದರೆ ಏನೆಂದು ನಿಮಗೆ ಗೊತ್ತಿಲ್ಲ. ವೈದ್ಯನ ಎದುರು ರೋಗಿ ಕುಸಿದ ಹಾಗೆ. ಪಂದ್ಯ ನೆನಪಾಯಿತು, ಕುಳಿತೇ ಇರೋಣ ಎಂದುಕೊಂಡೆ. ಆದರೆ ಕೈ ಕೇಳಬೇಕಲ್ಲ! ಅದು ಆಗಲೇ ಬ್ಯಾಗುಗಳ ಜಿಪ್ಪು ಎಳೆಯುತ್ತಿತ್ತು. ಬಿಳಿಯದೆಲ್ಲ ಒಂದು ಕಡೆ, ಬಣ್ಣದ್ದೆಲ್ಲ ಒಂದು ಕಡೆ, ಒದ್ದೆ ಒಂದು ಕಡೆ, ಒಣಗಿದ್ದು ಒಂದು ಕಡೆ. ಒಗೆಯುವ ಮೊದಲು ಜೇಬು ನೋಡುವುದು ನಮ್ಮ ಕಸುಬಿನ ಮೊದಲ ಪಾಠ. ಜೇಬುಗಳನ್ನೆಲ್ಲ ತಿರುವಿ ಒಳಗಿದ್ದ ಕೀಲಿಕೈ, ಬಾಚಣಿಗೆ, ಕರ್ಚೀಫು, ಯಾರದೋ ಹಲ್ಲಿನ ಸೆಟ್ಟು, ಎಲ್ಲವನ್ನೂ ಬೀಗರ ಟೋಪಿಯೊಳಗೆ ಜೋಪಾನವಾಗಿ ಒಟ್ಟುಮಾಡಿದೆ. ನೀರು ಬೇಕಿತ್ತು. ಎದುರಿಗೇ ಕಾರಂಜಿ! ತಿಳಿನೀರು, ಒಳ್ಳೆಯ ಒತ್ತಡ, ಸುತ್ತಲೂ ಕಲ್ಲಿನ ಕಟ್ಟೆ. ಇಂಥ ಅನುಕೂಲ ನನ್ನ ಅಂಗಡಿಯಲ್ಲೂ ಇರಲಿಲ್ಲ.

ಒಗೆದೆ. ಹಿಂಡಿದೆ. ಕ್ಯೂ ನಿಲ್ಲಿಸುವ ಕಬ್ಬಿಣದ ಕಂಬಿಗಳ ಮೇಲೆ ಬಣ್ಣಕ್ಕನುಗುಣವಾಗಿ ಹರವಿದೆ. ಸೊಂಟ ಹಿಡಿದುಕೊಂಡಿತು, ಮೊಣಕೈ ಕಿರುಗುಟ್ಟಿತು, ಬೆವರು ಕಣ್ಣಿಗಿಳಿಯಿತು. ಆದರೇನು, ಕಂಬಿಯ ಮೇಲೆ ಅಂಗಿಗಳ ಸಾಲು ನೋಡಿದರೆ ಸೈನ್ಯದ ಕವಾಯತಿನಂತಿತ್ತು! ಅಷ್ಟು ಹೊತ್ತಿಗೆ ಕರಡಿ ಬಂತು. ಅತ್ತಿತ್ತ ನೋಡಿ, ತಲೆ ಕಳಚಿ ಕಂಕುಳಲ್ಲಿಟ್ಟುಕೊಂಡಿತು. ಒಳಗೊಬ್ಬ ನಡುವಯಸ್ಸಿನ ಗೃಹಸ್ಥ.

"ತಾತ, ಮಧ್ಯಾಹ್ನ ಕಳೆದು ಈಗ ನಂಗೆ ಊಟದ ಬಿಡುವು. ಇದನ್ನೂ ಒಂಚೂರು..."

ತಿರಸ್ಕರಿಸಲು ಮನಸ್ಸು ಬರಲಿಲ್ಲ. ಬೆಳಗಿನ ಆಲಿಂಗನ ಇನ್ನೂ ಮೂಗಿನಲ್ಲಿತ್ತು. ಆದರೆ ಕರಡಿಯನ್ನು ಒಗೆಯುವುದು ಸಾಮಾನ್ಯವಲ್ಲ ಸ್ವಾಮೀ! ತುಪ್ಪಳ ಕಾರಂಜಿಯ ನೀರನ್ನೆಲ್ಲ ಕುಡಿದು ನಿಜವಾದ ಕರಡಿಗಿಂತ ಭಾರವಾಯಿತು. ನಾನು ಒಂದು ಕಾಲು, ವೇಷದವನು ಒಂದು ಕಾಲು ಹಿಡಿದು ತಿರುಚಿದೆವು. ಮೇಲೆತ್ತಿ ಕಂಬಿಯ ಮೇಲೆ ಬೋರಲು ಹಾಕಿ, ತಲೆಯನ್ನು ಪಕ್ಕದಲ್ಲಿ ಪ್ರತ್ಯೇಕವಾಗಿ ಒಣಗಲಿಟ್ಟೆ. ವೇಷದವನು ಬನಿಯನ್ನಿನಲ್ಲಿ ಊಟಕ್ಕೆ ಹೋದ.

ಅದೇ ಗಳಿಗೆಗೆ ಮಕ್ಕಳ ಗುಂಪೊಂದು ಆ ಕಡೆ ಬರಬೇಕೇ! ಮುಂದಿದ್ದ ಪುಟ್ಟ ಹುಡುಗಿ ನಿಂತಳು. ಕಂಬಿಯ ಮೇಲೆ ಜೋತುಬಿದ್ದ ಕರಡಿಯನ್ನು ನೋಡಿದಳು. ಬೇರೆಯಾಗಿದ್ದ ತಲೆಯನ್ನು ನೋಡಿದಳು. ಕೆಂಪು ಶಾಲು ಹಿಂಡುತ್ತಿದ್ದ ನನ್ನ ಕೈಯಿಂದ ತೊಟ್ಟಿಕ್ಕುತ್ತಿದ್ದ ಕೆಂಪು ನೀರನ್ನೂ ನೋಡಿದಳು.

"ತಾತ ಕರಡೀನ ಕೊಂದ್ಬಿಟ್ರು!"

ಉರುಳುವ ರೈಲಿನಲ್ಲಿ ಕೂತವರೂ ಅಂಥ ಕಿರುಚಾಟ ಕಿರುಚಿರಲಾರರು. ಒಂದು ಅತ್ತರೆ ಎಲ್ಲವೂ ಅತ್ತವು. ಸೀಟಿ ಊದುತ್ತ ಕಾವಲುಗಾರ ಓಡಿಬಂದ.

"ಏನ್ರೀ ತಾತ ಇದು! ಇಲ್ಲಿ ಬಟ್ಟೆ ಒಗೀಬಾರ್ದು!"

"ನೀವು ಬೆಳಿಗ್ಗೆಯಿಂದ ಮನುಷ್ಯರನ್ನೇ ಒಗೀತಿದ್ದೀರಲ್ಲಪ್ಪ! ನಾನು ಬಟ್ಟೆ ಒಗೆದ್ರೆ ತಪ್ಪಾ?"

"ಬೋರ್ಡ್ ನೋಡಿ! ಕಾರಂಜಿ ಮುಟ್ಟಬಾರ್ದು ಅಂತ ಬರ್ದಿದೆ!"

ನೋಡಿದೆ. ಬೋರ್ಡಿನ ಮೇಲೆ ಯಾರದೋ ಗೆರೆ ಪ್ಯಾಂಟು ಒಣಗುತ್ತಿತ್ತು.

ಅವನು ಮಾತು ಬೆಳೆಸಲಿಲ್ಲ. ಕಂಬಿಗಳ ಮೇಲಿದ್ದುದನ್ನೆಲ್ಲ ಬಾಚಿ ಬಾಚಿ ನನ್ನ ಬೆಂಚಿನ ಮೇಲೆ ಸುರಿದ. ಬಣ್ಣಕ್ಕನುಗುಣವಾಗಿದ್ದ ನನ್ನ ಸೈನ್ಯ ಕ್ಷಣದಲ್ಲಿ ಸಂತೆಯಾಯಿತು. ಅಷ್ಟರಲ್ಲಿ ಬಿಸಿಲು ಇಳಿದಿತ್ತು. ನೀರಿನಿಂದೆದ್ದವರು ನಡುಗುತ್ತ, ಚಡ್ಡಿ ಟವೆಲುಗಳಲ್ಲಿ ಒಬ್ಬೊಬ್ಬರಾಗಿ ಬಂದರು.

"ತಾತ, ನನ್ ಬ್ಯಾಗು?"

"ಬ್ಯಾಗು ಇಲ್ಲಿದೆಯಮ್ಮ."

"ಇದರೊಳಗಿದ್ದ ಬಟ್ಟೆ?"

ನಾನು ರಾಶಿಯನ್ನು ಕೆದಕಿದೆ. ಬಿಳಿ ಯಾವುದು, ಬಣ್ಣ ಯಾವುದು ಎಂದು ನಾನು ನೋಡಿದ್ದೆ. ಯಾರದು ಯಾವುದು ಎಂದು ನೋಡಿರಲಿಲ್ಲ! ಅಂಗಡಿಯಲ್ಲಿ ಬಂದ ಬಟ್ಟೆಗೆಲ್ಲ ನೂಲಿನ ಗುರುತು ಹೊಲಿದೇ ಇರುತ್ತಿತ್ತು. ಅದನ್ನು ಹೊಲಿಯುತ್ತಿದ್ದವಳು ಮುಂದಿನ ಕೌಂಟರಿನಲ್ಲಿ ಕೂರುತ್ತಿದ್ದಳು. ನಾನು ಹಿಂದಿನ ಕೋಣೆಯಲ್ಲಿ ಒಗೆಯುತ್ತ, "ನಮ್ಮಲ್ಲಿ ಒಂದು ಕರ್ಚೀಫೂ ಅದಲುಬದಲಾಗಲ್ಲ" ಎಂದು ಬೀಗುತ್ತಿದ್ದೆ.

"ಒಂದು ನಿಮಿಷ. ಸಾಲಾಗಿ ನಿಂತ್ಕೊಳ್ಳಿ" ಎಂದೆ. ಬೇರೇನು ಹೇಳಲಿ?

ನಿಂತರು. ಸಾಲು ಬೆಂಚಿನಿಂದ ಹೊರಟು, ಕಾರಂಜಿಯನ್ನು ಸುತ್ತಿ, ಸಿಮೆಂಟಿನ ಬೆಟ್ಟದ ಬುಡ ಮುಟ್ಟಿತು. ಆ ಪಾರ್ಕಿನ ಅತಿ ಉದ್ದದ ಕ್ಯೂ ನನ್ನದೇ! ಬಾಲದಲ್ಲಿ ಬಟ್ಟೆ ಮೈಮೇಲೇ ಇದ್ದವರೂ ಸೇರಿಕೊಳ್ಳತೊಡಗಿದರು.

"ಇದ್ಯಾವ ರೈಡ್ ರೀ?" ಎಂದು ಒಬ್ಬ ಕೇಳಿದ.

"ಗೊತ್ತಿಲ್ಲ ಕಣ್ರೀ. ಇಷ್ಟು ಜನ ಇದ್ದಾರೆ ಅಂದ್ರೆ ಚೆನ್ನಾಗೇ ಇರ್ಬೇಕು" ಎಂದ ಇನ್ನೊಬ್ಬ.

ನಾನು ಒಂದು ಅಂಗಿ ಎತ್ತಿ ಹಿಡಿದು "ಇದ್ಯಾರದು?" ಎಂದೆ. ನಾಲ್ಕು ಕೈ ಎದ್ದವು. ಪ್ಯಾಂಟು ಎತ್ತಿದೆ. ಯಾರೂ ಒಪ್ಪಲಿಲ್ಲ. ಟೋಪಿಯೊಳಗಿನ ಕೀಲಿಕೈಗಳ ರಾಶಿ ನೋಡಿ ಆಫೀಸಿನ ಸಾಹೇಬರು ತಲೆ ಹಿಡಿದುಕೊಂಡು ಕೂತರು. ಮೀಸೆಯವರು ಬಾಯಿಯ ಮೇಲೆ ಕೈ ಮುಚ್ಚಿಕೊಂಡು "ಹಹಹ ಹೆಹ್ಹು!" ಎಂದು ಗದರಿಸಿದರು. ಹಲ್ಲಿನ ಸೆಟ್ಟು ಯಾರದೆಂದು ಆಗ ತಿಳಿಯಿತು. ದಿನವಿಡೀ ಸಿಕ್ಕ ಒಂದೇ ಒಂದು ಗೆಲುವು ಅದು! ಬನಿಯನ್ನಿನಲ್ಲಿದ್ದ ಕರಡಿ ಮಾತ್ರ ಯಾರ ಸಹಾಯವೂ ಇಲ್ಲದೆ ತನ್ನ ಒದ್ದೆ ಚರ್ಮವನ್ನು ಗುರುತಿಸಿ, ಎಳೆದುಕೊಂಡು ಹೋಯಿತು. ನನ್ನ ಕಾಲು ಸೋತವು. ಬೆಂಚಿನ ಮೇಲೆ ಕೂರೋಣವೆಂದರೆ ಬಟ್ಟೆ. ಕಟ್ಟೆಯ ಮೇಲೆ ಕೂರೋಣವೆಂದರೆ ಕಾವಲುಗಾರ.

ಅಷ್ಟು ಹೊತ್ತಿಗೆ ನಮ್ಮ ಮೂವರು ಬಂದರು. ಕೆನ್ನೆ ಕೆಂಪಾಗಿ, ಕೂದಲು ಕೆದರಿ, ಶಾಲೆ ಬಿಟ್ಟ ಮಕ್ಕಳಂತೆ ಕೇಕೆ ಹಾಕುತ್ತ ಬಂದರು. ಮನೆಯವಳು ಕ್ಯೂ ನೋಡಿದಳು. ರಾಶಿ ನೋಡಿದಳು. ನನ್ನನ್ನು ನೋಡಿದಳು.

"ಜೇಬು ನೋಡಿದ್ರಾ?"

"ನೋಡಿದೆ."

"ಗುರುತು?"

ನಾನು ಕಾರಂಜಿಯ ಕಡೆ ತಿರುಗಿದೆ.

ಅವಳು ಬೆಂಚನ್ನು ಎಳೆದು ಅಡ್ಡ ಇಟ್ಟಳು. ಈಗ ಅದು ಕೌಂಟರಾಯಿತು. ಹಿಂದೆ ನಿಂತು, ಚೂಡಿದಾರಕ್ಕೆ ಸೆರಗಿಲ್ಲವಾದ್ದರಿಂದ ಸೊಂಟಕ್ಕೆ ಟವೆಲು ಬಿಗಿದಳು.

"ಅವಳಿ ಮಕ್ಕಳಮ್ಮ, ಬಾಮ್ಮ. ನೀಲಿ ಹೂವಿನ ಲಂಗ ನಿಂದು, ಗೇಟಿನ ಕ್ಯೂನಲ್ಲಿ ನನ್ನ ಮುಂದಿದ್ದೆ. ಹೊಸ ಮದುಮಗ ಎಲ್ಲಪ್ಪಾ? ದೋಣೀಲಿ 'ಅಮ್ಮಾ' ಅಂತ ಕೂಗಿ ಹೆಂಡ್ತಿ ಕೈಲಿ ನಗಿಸ್ಕೊಂಡೆಯಲ್ಲ, ತಗೋ ಬಿಳೀ ಅಂಗಿ. ಬೊಟ್ಟು ಒಂದು ಇದೆ, ನಾಳೆ ನಿಂಬೆಹಣ್ಣು ಉಜ್ಜು. ಮೀಸೆಯಪ್ನೋರು, ನಿಮ್ದು ಗೆರೆ ಪ್ಯಾಂಟು. ಕಂಬಿಗೆ ಆತ್ಕೊಂಡು ನಂಗೆ ನಿಮ್ಮ ಮೊಮ್ಮಗಳ ಫೋಟೋ ತೋರಿಸಿದ್ರಿ. ಹಳದಿಯೋರೆಲ್ಲ ಈ ಕಡೆ ಬನ್ನಿ! ಎಲ್ಲಾ ಒಂದೇ ಅಂಗಿ, ಯಾವುದು ಮೈಗಾಗತ್ತೋ ಅದನ್ನ ಹಾಕ್ಕೊಳ್ಳಿ. ಕೀಲಿ ಬೇಕಾದೋರು ಎಷ್ಟು ಕೀಲಿ, ಏನು ಜೋತು ಬಿದ್ದಿದೆ ಹೇಳಿ ತಗೊಳ್ಳಿ."

ರಾಶಿ ಕರಗಿತು. ಸಾಹೇಬರಿಗೆ ಜವಾನನ ಅಂಗಿ ಸಿಕ್ಕಿ ಹೊಟ್ಟೆಯ ಗುಂಡಿಗಳು ಸೇರಲಿಲ್ಲ, ಅಷ್ಟೆ. ಬಾಲದಲ್ಲಿ ನಿಂತಿದ್ದವರು ಕೊನೆಗೆ ಕೌಂಟರು ತಲುಪಿ "ನಮ್ಮ ಸರದಿ ಯಾವಾಗ?" ಎಂದರು. ಅವಳು ಅವರಿಗೆ ಒಂದೊಂದು ಒದ್ದೆ ಟವೆಲು ಹಿಂಡಲು ಕೊಟ್ಟಳು. ಅವರು ನಗುತ್ತಲೇ ಹಿಂಡಿದರು. ಪಾರ್ಕಿಗೆ ಬಂದವರಿಗೆ ಏನು ಕೊಟ್ಟರೂ ನಡೆಯುತ್ತದೆ!

"ಅಷ್ಟೂ ಜನ ನಿನಗೆ ಹೇಗೆ ಗೊತ್ತಾದ್ರೇ?" ಎಂದೆ, ಮೆಲ್ಲಗೆ.

"ಕ್ಯೂನಲ್ಲಿ ನಿಂತಿದ್ನಲ್ಲ! ನಿಮಗೆ ಅದು ಶಿಕ್ಷೆ. ನನಗೆ ಕೌಂಟರಿನ ಈಚೆ ಕಡೆ ನಿಂತು ಜನರ ಜೊತೆ ಮಾತಾಡಿದ್ದು ಇದೇ ಮೊದಲು."

ಗೇಟಿನ ಹತ್ತಿರ ಬರುವಷ್ಟರಲ್ಲಿ ನನ್ನನ್ನು ಎಡಗಡೆ ಬೀಗರು, ಬಲಗಡೆ ಬೀಗಿತ್ತಿ ತೋಳು ಹಿಡಿದು ನಡೆಸುತ್ತಿದ್ದರು. ತೀರ್ಪಿಗೆ ಪಂಚಾಯಿತಿಯ ಅಗತ್ಯವಿರಲಿಲ್ಲ.

"ಏನ್ ಬೀಗರೇ, ಯಾರು ಸುಸ್ತು?" ಎಂದರು ಬೀಗರು.

"ಒಪ್ಕೊಂಡೆ. ಬಸ್ಸು ಹತ್ತೀನಿ" ಎಂದೆ. ಆದರೂ ನನ್ನೊಳಗಿನ ವಾದ ಬಿಡದ ಲಾಯರು ಇನ್ನೂ ಸತ್ತಿರಲಿಲ್ಲ. ಮನೆಯವಳ ಕಡೆ ತಿರುಗಿ ಕೊನೆಯ ಅರ್ಜಿ ಹಾಕಿದೆ: "ನೋಡು, ಎಲ್ಲಾ ಪಾರ್ಕಿಗೂ ಬರ್ತೀನಿ. ಆದ್ರೆ ಆ ಬೆಂಕಿಪೊಟ್ಟಣದಂಥ ಗಾಡಿಗಳಲ್ಲಿ ಮಾತ್ರ ಕೂರಿಸ್ಬೇಡ. ನನ್ನ ಪಾಡಿಗೆ ನಾನು ಕೆಳಗೇ, ನೆಲದ ಮೇಲೇ ಕೂತಿರ್ತೀನಿ."

ಅವಳು ನಿಂತಳು. ನನ್ನನ್ನು ಅಡಿಯಿಂದ ಮುಡಿಯವರೆಗೆ, ಕಲೆ ಹೋಗದ ಬಟ್ಟೆಯನ್ನು ನೋಡುವಂತೆ ನೋಡಿದಳು.

"ನೆಲದ ಮೇಲಾ? ಒಬ್ಬರನ್ನೇನಾ? ಬಿಟ್ಟೆನಾ ನಾನು! ಎಲ್ಲಕ್ಕಿಂತ ಎತ್ತರಕ್ಕೆ ಹೋಗೋದು ಯಾವುದೋ ಅದರಲ್ಲಿ, ಬೆಲ್ಟು ಬಿಗಿದು, ನನ್ನ ಪಕ್ಕದಲ್ಲೇ ಕೂರಿಸ್ಕೋತೀನಿ. ಜನ ಕಿರುಚಿದ್ರೂ ಪರವಾಗಿಲ್ಲ ಕಣ್ರೀ, ಅವರ ಮೈಮೇಲೆ ಬಟ್ಟೆಯಾದ್ರೂ ಇರತ್ತೆ!"